ಜೊಂಡು ನೀರನ್ನು ತೊಳೆಯುವುದೆ? – ಕೃತಕ ಜೌಗಿನ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಂಚ, ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಊರು. ಶಾಸನಗಳಲ್ಲಿ ಪೊಂಬುರ್ಚ ಎಂದು ಕಾಣಿಸುವ ಇದು ಸಾಂತರ ಅರಸರ ರಾಜಧಾನಿಯಾಗಿತ್ತು. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ, ಪದ್ಮಾವತಿಯ ಗುಡಿ ಹಾಗೂ ಮುತ್ತಿನಕೆರೆಯನ್ನು ನೋಡಲು ಇಂದಿಗೂ ದೂರದೂರುಗಳಿಂದ ಯಾತ್ರಿಕರು ಬರುತ್ತಾರೆ. ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹುಂಚದ ಸಮೀಪ ಬಿಲ್ಲೇಶ್ವರದ ಬಳಿ ಒಂದು ನದಿ ಹುಟ್ಟುತ್ತದೆ. ಅದರ ಹೆಸರು ಕುಮುದ್ವತಿ. ಕುಮುದವೆಂದರೆ ಬಿಳಿಯ ನೈದಿಲೆ. ನೈದಿಲೆಗಳಿಂದ ಕೂಡಿದವಳು ಎಂಬುದು ಹೆಸರಿನ ಅರ್ಥ. ಈ ನದಿ ಶಿಕಾರಿಪುರದ ಬಳಿ ಅಂಜನಾಪುರ ಜಲಾಶಯವನ್ನು ತುಂಬಿ, ಮಾಸೂರಿನ ಮದಗದ ಕೆರೆಯನ್ನು ಹಾದು, ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ನದಿಯೊಂದಕ್ಕೆ ನೀರಿನ ಗಿಡದ ಹೆಸರಿಟ್ಟ ಜನರು ನೀರಿಗೂ ಗಿಡಕ್ಕೂ ಇರುವ ನಂಟನ್ನು ಕಂಡಿದ್ದರು. ಆದರೆ ಆ ನಂಟು ಎಂಥದು? ಕೊಳಚೆ ನೀರಿನಲ್ಲಿ ಬೆಳೆದ ಗಿಡ ಆ ನೀರನ್ನು ನಿಜವಾಗಿಯೂ ಶುದ್ಧಗೊಳಿಸುವುದೆ, ಇಲ್ಲವೆ ಕೊಳಕನ್ನು ಸಹಿಸಿಕೊಂಡು ಸುಮ್ಮನೆ ಬೆಳೆಯುವುದೆ? ಶುದ್ಧಗೊಳಿಸುವುದಾದರೆ ಕೆಲಸ ಮಾಡುವುದು ಎಲೆಯೊ, ಬೇರೊ, ಬೇರಿನ ಸುತ್ತಲಿನ ಮಣ್ಣೊ? ಇಂದು ನಾವು ಕೃತಕ ಜೌಗು ಅಥವಾ ನಿರ್ಮಿತ ಜೌಗುಭೂಮಿ ಎಂದು ಕರೆಯುವ ತಂತ್ರದ ಚರಿತ್ರೆಯೆಂದರೆ ಈ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆ. ಉತ್ತರ ಬದಲಾದಂತೆಲ್ಲ ಜೌಗನ್ನು ಕಟ್ಟುವ ಬಗೆಯೂ ಬದಲಾಯಿತು. ಉತ್ತರವನ್ನು ತಪ್ಪಾಗಿ ತಿಳಿದ ಕಡೆಗಳಲ್ಲಿ ಗಿಡವೂ ಉಳಿಯಲಿಲ್ಲ, ನೀರೂ ಶುದ್ಧವಾಗಲಿಲ್ಲ.

ಹಿತ್ತಿಲ ಕೆಸು, ಗಡಿಗೆಯ ಚಿಲ್ಲ

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲ ನೀರನ್ನು ಹೊಳೆಗೆ ಬಿಡುವ ಪದ್ಧತಿ ಇರಲಿಲ್ಲ. ಅದು ಹಿತ್ತಿಲಿನ ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ, ಕೆಸು, ಕಾಬಾಳೆಗಳ ಬುಡಕ್ಕೆ ಹೋಗುತ್ತಿತ್ತು. ನೀರು ಅಲ್ಲೇ ಇಂಗುತ್ತಿತ್ತು, ಗಿಡ ಸೊಂಪಾಗಿ ಬೆಳೆಯುತ್ತಿತ್ತು. ಇದನ್ನು ಶುದ್ಧೀಕರಣ ಘಟಕವೆಂದು ಯಾರೂ ಕರೆಯಲಿಲ್ಲ. ನೀರು ಕಡಿಮೆ, ನೆಲ ಹೆಚ್ಚು ಇದ್ದುದರಿಂದ ಕೆಲಸ ತಾನಾಗಿ ನಡೆಯುತ್ತಿತ್ತು.

ಗಿಡಮೂಲಿಕೆಗಳಿಂದ ನೀರನ್ನು ತಿಳಿಗೊಳಿಸುವ ಪದ್ಧತಿಯೂ ನಮ್ಮಲ್ಲಿ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯದಲ್ಲಿ ಬಾವಿಯ ಕೆಟ್ಟ ನೀರನ್ನು ಸರಿಪಡಿಸಲು ಮುಸ್ತೆ, ಲಾವಂಚ, ನೆಲ್ಲಿ ಮತ್ತು ಕತಕ ಮೊದಲಾದವುಗಳ ಪುಡಿಯನ್ನು ಹೇಳಿದ್ದಾನೆ. ಕತಕವೆಂದರೆ ನಮ್ಮ ಚಿಲ್ಲದ ಬೀಜ. ಇದನ್ನು ಗಡಿಗೆಯ ಒಳಮೈಗೆ ತೇಯ್ದರೆ ಕದಡಿದ ನೀರಿನಲ್ಲಿ ತೇಲುವ ಸೂಕ್ಷ್ಮ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳ ಸೇರುತ್ತವೆ.

ಈ ಎರಡು ಕೆಲಸಗಳ ನಡುವಿನ ಅಂತರವನ್ನು ಗಮನಿಸಬೇಕು. ಚಿಲ್ಲದ ಬೀಜ ತೇಲುವ ಕಣವನ್ನು ಕೆಳಕ್ಕಿಳಿಸುತ್ತದೆ. ನೀರಿನಲ್ಲಿ ಕರಗಿರುವ ಸಾವಯವ ವಸ್ತುವನ್ನು ಅದು ಒಡೆಯಲಾರದು. ಬಚ್ಚಲ ನೀರಿನ ತೊಂದರೆ ಇರುವುದಾದರೂ ಆ ಕರಗಿದ ವಸ್ತುವಿನಲ್ಲೇ. ಅದು ಹೊಳೆಗೆ ಸೇರಿದಾಗ ಬ್ಯಾಕ್ಟೀರಿಯಗಳು ಅದನ್ನು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆಮ್ಲಜನಕ ಮುಗಿದರೆ ಮೀನು ಸಾಯುತ್ತದೆ, ನೀರು ನಾರುತ್ತದೆ. ಹೀಗೆ ಬೇಕಾಗುವ ಆಮ್ಲಜನಕದ ಅಳತೆಯನ್ನು ಜೈವಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ. ಮನೆಬಳಕೆಯ ಕೊಳಚೆ ನೀರಿನಲ್ಲಿ ಇದು ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ ಇರುತ್ತದೆ. ಶುದ್ಧೀಕರಣವೆಂದರೆ ಮುಖ್ಯವಾಗಿ ಈ ಬೇಡಿಕೆಯನ್ನು ಹೊಳೆಗೆ ಬಿಡುವ ಮೊದಲೇ ತೀರಿಸುವುದು.

ಬೆಂಗಳೂರಿನ ಪ್ರಯೋಗಶಾಲೆಯಲ್ಲಿ

ಬೇಡಿಕೆಯನ್ನು ತೀರಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕರ್ನಾಟಕದ ಪಾಲೂ ಇದೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಕೊಳಚೆ ನೀರಿಗೆ ಗಾಳಿಯೂದಿ, ತಳದಲ್ಲಿ ನಿಂತ ಮಡ್ಡಿಯನ್ನು ಎಸೆಯದೆ ಮತ್ತೆ ಮತ್ತೆ ಬಳಸಿದರೆ ನೀರು ಕೆಲವೇ ಗಂಟೆಗಳಲ್ಲಿ ಶುದ್ಧವಾಗುವುದೆಂದು ತೋರಿಸಿದರು. ಇಂದು ನಗರಗಳ ದೊಡ್ಡ ಘಟಕಗಳಲ್ಲಿ ಬಳಕೆಯಲ್ಲಿರುವ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನ ಹುಟ್ಟಿದ್ದು ಹೀಗೆ. ಇವರನ್ನು ಈ ದಾರಿಗೆ ಹಚ್ಚಿದವರು ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಗಾಳಿಯೂದಿದ ಕೊಳಚೆ ನೀರಿನ ಪ್ರಯೋಗವನ್ನು ಕಂಡುಬಂದು ಅವರಿಗೆ ತಿಳಿಸಿದವರು ಇವರೇ. ಇದೇ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಜೀವರಸಾಯನ ವಿಭಾಗ ಬೆಳೆಯಲು ಕಾರಣರಾದರು.

ಅದೇ ವಿಭಾಗದಲ್ಲಿ ಮುಂದೆ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಮಡ್ಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಬ್ಯಾಕ್ಟೀರಿಯಗಳ ಜೊತೆಗೆ ತೊಟ್ಟಿನ ಮೇಲೆ ಗಂಟೆಯಂತೆ ನಿಂತ ಪ್ರೋಟೊಜೋವಗಳು ಅದರಲ್ಲಿ ಹೇರಳವಾಗಿದ್ದವು. ನೀರು ತಿಳಿಯಾಗುವುದರಲ್ಲಿ ಇವುಗಳ ಪಾತ್ರ ದೊಡ್ಡದೆಂದು ಅವರು 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗಗಳು ಪ್ರೋಟೊಜೋವಗಳು ಬಿಡಿ ಬ್ಯಾಕ್ಟೀರಿಯಗಳನ್ನು ತಿಂದು ನೀರನ್ನು ತಿಳಿಗೊಳಿಸುವುದನ್ನು ದೃಢಪಡಿಸಿದವು. ಸುಬ್ರಹ್ಮಣ್ಯನ್ ಅವರು ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಹೀಗೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಒಂದು ಮಾತು ಸ್ಪಷ್ಟವಾಗಿತ್ತು. ನೀರನ್ನು ಶುದ್ಧಗೊಳಿಸುವುದು ಸೂಕ್ಷ್ಮಜೀವಿಗಳು. ಅವುಗಳಿಗೆ ಬೇಕಾದದ್ದು ಮೂರು: ಅಂಟಿಕೊಳ್ಳಲು ನೆಲೆ, ಉಸಿರಾಡಲು ಗಾಳಿ, ಕೆಲಸ ಮುಗಿಸಲು ಕಾಲಾವಕಾಶ. ನಗರದ ಘಟಕ ಇವನ್ನು ಕಾಂಕ್ರೀಟು ಮತ್ತು ವಿದ್ಯುತ್ತಿನಿಂದ ಒದಗಿಸುತ್ತದೆ. ವಿದ್ಯುತ್ತು ನಿಂತರೆ ಗಾಳಿ ನಿಲ್ಲುತ್ತದೆ, ಶುದ್ಧೀಕರಣವೂ ನಿಲ್ಲುತ್ತದೆ. ಈ ಮೂರನ್ನು ಬೇರೆ ರೀತಿಯಲ್ಲಿ ಒದಗಿಸಲಾಗದೆ?

ಪ್ಲ್ಯೋನ್‌ನ ಜೊಂಡು

ಈ ದಿಕ್ಕಿನಲ್ಲಿ ಮೊದಲ ವ್ಯವಸ್ಥಿತ ಹೆಜ್ಜೆ ಇಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ಕ್ಯಾಥೆ ಸೈಡೆಲ್. ಉತ್ತರ ಜರ್ಮನಿಯ ಪ್ಲ್ಯೋನ್ ಎಂಬ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ 1950ರ ದಶಕದ ಆರಂಭದಲ್ಲಿ ಅವರು ಕೆರೆಯಂಚಿನ ಜೊಂಡನ್ನು ಅಭ್ಯಾಸ ಮಾಡುತ್ತಿದ್ದರು. ಬುಟ್ಟಿ, ಚಾಪೆ ಹೆಣೆಯಲು ಬಳಸುವ ಈ ಗಿಡ ಕಲುಷಿತ ನೀರಿನಲ್ಲೂ ಸೊರಗದೆ ಬೆಳೆಯುವುದನ್ನು ಅವರು ಗಮನಿಸಿದರು. ಕಾರ್ಖಾನೆಗಳ ತ್ಯಾಜ್ಯದಲ್ಲಿರುವ ಫಿನಾಲ್ ಎಂಬ ವಿಷವಸ್ತುವನ್ನು ಬೆರೆಸಿದ ನೀರಿನಲ್ಲಿ ಜೊಂಡನ್ನು ಬೆಳೆಸಿದಾಗ ಫಿನಾಲ್ ಕಡಿಮೆಯಾಗುತ್ತಿತ್ತು. ರೋಗಕಾರಕ ಬ್ಯಾಕ್ಟೀರಿಯಗಳೂ ಕಡಿಮೆಯಾಗುತ್ತಿದ್ದವು. ಗಿಡವೇ ಇದಕ್ಕೆ ಕಾರಣವೆಂದೂ, ಬೇರಿನಿಂದ ಸ್ರವಿಸುವ ವಸ್ತುಗಳು ರೋಗಾಣುಗಳನ್ನು ಕೊಲ್ಲುತ್ತವೆಂದೂ ಸೈಡೆಲ್ ವಾದಿಸಿದರು.

ಕೊಳಚೆ ನೀರಿನ ಎಂಜಿನಿಯರುಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಗಿಡ ಹೀರುವ ಪೋಷಕಾಂಶದ ಪ್ರಮಾಣ ಎಷ್ಟು, ಚಳಿಗಾಲದಲ್ಲಿ ಗಿಡ ಒಣಗಿದಾಗ ಗತಿಯೇನು, ಜಾಗ ಎಲ್ಲಿಂದ ತರುವುದು ಎಂಬ ಪ್ರಶ್ನೆಗಳನ್ನು ಅವರು ಕೇಳಿದರು. ಪ್ರಶ್ನೆಗಳು ನ್ಯಾಯವಾದವೇ. ಆದರೂ ಸೈಡೆಲ್ ದಶಕಗಳ ಕಾಲ ಪ್ರಯೋಗ ಬಿಡಲಿಲ್ಲ. ಜಲ್ಲಿ ತುಂಬಿದ ತೊಟ್ಟಿಗಳಲ್ಲಿ ಗಿಡ ನೆಟ್ಟು, ಮೊದಲು ನೀರನ್ನು ಮೇಲಿನಿಂದ ಕೆಳಕ್ಕೆ ಇಳಿಸಿ, ಬಳಿಕ ಅಡ್ಡಲಾಗಿ ಹರಿಸುವ ವ್ಯವಸ್ಥೆಯನ್ನು ಅವರು ರೂಪಿಸಿದರು.

ಪೂರ್ಣ ಪ್ರಮಾಣದ ಮೊದಲ ಜೌಗುಗಳಲ್ಲಿ ಒಂದನ್ನು ಹಾಲೆಂಡಿನ ಫ್ಲೆವೊಲ್ಯಾಂಡಿನಲ್ಲಿ 1967ರಲ್ಲಿ ಕಟ್ಟಲಾಯಿತು. ಸಮುದ್ರದಿಂದ ಪಡೆದ ಹೊಸ ನೆಲದಲ್ಲಿ ಬೇಸಿಗೆಯ ಪ್ರವಾಸಿಗರು ಡೇರೆ ಹಾಕುವ ಒಂದು ಬೀಡಿನ ನೀರಿಗಾಗಿ ನಕ್ಷತ್ರಾಕಾರದ ಆಳವಿಲ್ಲದ ಹೊಂಡವನ್ನು ತೋಡಿ ಜೊಂಡು ಬೆಳೆಸಿದರು. ವರ್ಷದ ಕೆಲವೇ ತಿಂಗಳು ಜನ ಕಿಕ್ಕಿರಿಯುವ ಜಾಗಕ್ಕೆ ವರ್ಷವಿಡೀ ಓಡಬೇಕಾದ ಯಂತ್ರ ಹೊಂದುವುದಿಲ್ಲ. ಜಾತ್ರೆ, ಯಾತ್ರೆಗಳ ನಮ್ಮ ಊರುಗಳಿಗೂ ಸಲ್ಲುವ ಮಾತು ಇದು.

ಬೇರುವಲಯದ ಭರವಸೆ ಮತ್ತು ಪಾಠ

ಸೈಡೆಲ್ ಅವರೊಂದಿಗೆ ಕೆಲಸ ಮಾಡಿದ್ದ ರೈನ್‌ಹೋಲ್ಡ್ ಕಿಕುಟ್ ಮುಂದೆ ಬೇರೆ ದಾರಿ ಹಿಡಿದರು. ಅವರ ಪ್ರಕಾರ ಜಲ್ಲಿಗಿಂತ ಜೇಡಿ ಬೆರೆತ ಮಣ್ಣು ಮೇಲು. ಅದು ರಂಜಕವನ್ನು ಹಿಡಿದಿಡುತ್ತದೆ. ಮಣ್ಣಿನಲ್ಲಿ ನೀರು ಸುಲಭವಾಗಿ ಹರಿಯದಿದ್ದರೂ, ಜೊಂಡಿನ ಬೇರು ಮತ್ತು ನೆಲದಡಿಯ ಕಾಂಡಗಳು ಬೆಳೆದಂತೆ ಮಣ್ಣು ಸಡಿಲವಾಗಿ ನೀರಿಗೆ ದಾರಿ ಬಿಡುತ್ತದೆ ಎಂದು ಅವರು ನಂಬಿದ್ದರು. ಬೇರುವಲಯ ವಿಧಾನವೆಂಬ ಹೆಸರಿನ ಈ ತಂತ್ರದಲ್ಲಿ 1974ರಲ್ಲಿ ಜರ್ಮನಿಯ ಓಟ್‌ಫ್ರೆಸೆನ್‌ನಲ್ಲಿ ದೊಡ್ಡ ಜೌಗು ಆರಂಭವಾಯಿತು. ಅನಂತರ ಯುರೋಪಿನ ಹಲವು ಹಳ್ಳಿಗಳು ಅದನ್ನು ಅನುಸರಿಸಿದವು.

ವರ್ಷಗಳು ಕಳೆದರೂ ಮಣ್ಣು ನಿರೀಕ್ಷಿಸಿದಷ್ಟು ಸಡಿಲವಾಗಲಿಲ್ಲ. ಬೇರುಗಳು ಬೆಳೆದವು, ಆದರೆ ನೀರು ಅವುಗಳ ನಡುವೆ ಹೋಗದೆ ಮೇಲ್ಮೈಯಲ್ಲೇ ಜಾರಿ ಹೊರಬರುತ್ತಿತ್ತು. ಬೇರುವಲಯವನ್ನು ಮುಟ್ಟದ ನೀರು ಶುದ್ಧವಾಗುವುದಾದರೂ ಹೇಗೆ? 1985ರಲ್ಲಿ ಜರ್ಮನಿಗೆ ಹೋಗಿ ಇವನ್ನು ನೋಡಿ ಬಂದ ಬ್ರಿಟಿಷ್ ತಜ್ಞರು ತಮ್ಮ ದೇಶದಲ್ಲಿ ಮಣ್ಣಿನ ಬದಲು ಜಲ್ಲಿಯ ಪಾತಿಗಳತ್ತ ತಿರುಗಿದರು. ಸುಮಾರು 60 ಸೆಂಟಿಮೀಟರ್ ಆಳದ, ಕೆಳಗೆ ನೀರು ಇಂಗದಂತೆ ಹಾಳೆ ಹಾಸಿದ, ತೊಳೆದ ಜಲ್ಲಿ ತುಂಬಿದ ಪಾತಿ ಅಂದಿನಿಂದ ರೂಢಿಗೆ ಬಂತು. ನೀರು ಜಲ್ಲಿಯ ಮೇಲೆ ಕಾಣಿಸದೆ ಒಳಗೇ ಹರಿಯುವುದರಿಂದ ಸೊಳ್ಳೆ ಮತ್ತು ವಾಸನೆಯ ತೊಂದರೆಯೂ ಕಡಿಮೆಯಾಯಿತು.

ಫ್ರಾನ್ಸಿನ ವಿಜ್ಞಾನಿಗಳು ಸೈಡೆಲ್ ಅವರ ಲಂಬ ಹರಿವಿನ ಕಲ್ಪನೆಯನ್ನು ಹಳ್ಳಿಗಳಿಗೆ ಹೊಂದಿಸಿದರು. ಅಲ್ಲಿ ಮೂರು ಪಾತಿಗಳನ್ನು ಅಕ್ಕಪಕ್ಕ ಕಟ್ಟುತ್ತಾರೆ. ಮೂರೂವರೆ ದಿನ ಒಂದಕ್ಕೆ ನೀರು ಬಿಟ್ಟು, ಬಳಿಕ ಏಳು ದಿನ ಅದಕ್ಕೆ ಬಿಡುವು ಕೊಡುತ್ತಾರೆ. ಬಿಡುವಿನಲ್ಲಿ ಮೇಲೆ ನಿಂತ ಮಡ್ಡಿ ಒಣಗಿ ಗೊಬ್ಬರವಾಗುತ್ತದೆ, ಜಲ್ಲಿಯೊಳಗೆ ಗಾಳಿ ಸೇರುತ್ತದೆ. ಅಲ್ಲಿ ಇಂಥ ಪಾತಿಗಳು ಸಾವಿರಗಳ ಲೆಕ್ಕದಲ್ಲಿವೆ.

ಹಾಗಾದರೆ ಗಿಡದ ಕೆಲಸವೇನು?

ನಿರ್ಣಾಯಕ ಉತ್ತರ ಬಂದದ್ದು ಸರಳವಾದ ಒಂದು ಪ್ರಯೋಗಕ್ರಮದಿಂದ. ಒಂದೇ ಅಳತೆಯ ಎರಡು ಪಾತಿಗಳಿಗೆ ಒಂದೇ ನೀರನ್ನು ಬಿಡುವುದು. ಒಂದರಲ್ಲಿ ಗಿಡ, ಇನ್ನೊಂದರಲ್ಲಿ ಬರಿಯ ಜಲ್ಲಿ. ಇಂಥ ಅನೇಕ ಪ್ರಯೋಗಗಳಲ್ಲಿ ಸಾವಯವ ವಸ್ತುವಿನ ಮಟ್ಟಿಗೆ ಎರಡು ಪಾತಿಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸಾರಜನಕದ ವಿಷಯದಲ್ಲಿ ಗಿಡವಿದ್ದ ಪಾತಿ ಸಾಮಾನ್ಯವಾಗಿ ಮುಂದಿತ್ತು. ಕೆಲಸದ ಹಂಚಿಕೆ ಹೀಗಿದೆ ಎಂದು ಈಗ ತಿಳಿದುಬಂದಿದೆ:

ಒಂದು, ತೇಲುವ ಕಣಗಳನ್ನು ಜಲ್ಲಿ ಸೋಸುತ್ತದೆ. ಎರಡು, ಜಲ್ಲಿ ಮತ್ತು ಬೇರುಗಳ ಮೈಮೇಲೆ ಪೊರೆಯಂತೆ ಬೆಳೆದ ಸೂಕ್ಷ್ಮಜೀವಿಗಳು ಕರಗಿದ ಸಾವಯವ ವಸ್ತುವನ್ನು ತಿನ್ನುತ್ತವೆ. ಮೂರು, ಅಮೋನಿಯವನ್ನು ಒಂದು ಗುಂಪಿನ ಬ್ಯಾಕ್ಟೀರಿಯಗಳು ಆಮ್ಲಜನಕ ಬಳಸಿ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಇನ್ನೊಂದು ಗುಂಪು ಆಮ್ಲಜನಕವಿಲ್ಲದ ಜಾಗದಲ್ಲಿ ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ಲಂಬ ಹರಿವಿನ ಪಾತಿಯಲ್ಲಿ ಗಾಳಿ ಹೆಚ್ಚು, ಆದ್ದರಿಂದ ಮೊದಲ ಹೆಜ್ಜೆ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಅಡ್ಡ ಹರಿವಿನ ಪಾತಿಯಲ್ಲಿ ಗಾಳಿ ಕಡಿಮೆ, ಎರಡನೆಯ ಹೆಜ್ಜೆಗೆ ಅದು ಸೂಕ್ತ. ಸೈಡೆಲ್ ಎರಡನ್ನೂ ಜೋಡಿಸಿದ್ದರ ಬೆಲೆ ತಿಳಿದದ್ದು ಆಗ. ನಾಲ್ಕು, ರಂಜಕ ಜಲ್ಲಿಯ ಮೈಗೆ ಅಂಟುತ್ತದೆ. ಜಲ್ಲಿಯ ಶಕ್ತಿ ತೀರಿದ ಮೇಲೆ ಅದು ನೀರಿನೊಂದಿಗೇ ಹೊರಬರುತ್ತದೆ.

ಗಿಡ ತಾನೇ ಹೀರಿಕೊಳ್ಳುವ ಪೋಷಕಾಂಶ ಈ ಒಟ್ಟು ಲೆಕ್ಕದಲ್ಲಿ ಸಣ್ಣ ಪಾಲು. ಗಿಡವನ್ನು ಕೊಯ್ದು ಹೊರಗೆ ಸಾಗಿಸದಿದ್ದರೆ ಆ ಪಾಲೂ ಕೊಳೆತು ನೀರಿಗೇ ಮರಳುತ್ತದೆ. ಹಾಗೆಂದು ಗಿಡ ನಿಷ್ಪ್ರಯೋಜಕವಲ್ಲ. ಜೌಗಿನ ಗಿಡಗಳ ಕಾಂಡದಲ್ಲಿ ಗಾಳಿಯ ಕೊಳವೆಗಳಿರುತ್ತವೆ. ಅವುಗಳ ಮೂಲಕ ಬೇರಿಗೆ ಇಳಿಯುವ ಆಮ್ಲಜನಕದಲ್ಲಿ ಸ್ವಲ್ಪ ಹೊರಗೆ ಸೋರಿ ಬೇರಿನ ಸುತ್ತ ತೆಳುವಾದ ಗಾಳಿಯ ವಲಯವನ್ನು ಉಂಟುಮಾಡುತ್ತದೆ. ಬೇರು ಸೂಕ್ಷ್ಮಜೀವಿಗಳಿಗೆ ಮೈ ಒದಗಿಸುತ್ತದೆ, ಅದರ ಸ್ರಾವ ಅವುಗಳಿಗೆ ಆಹಾರವಾಗುತ್ತದೆ. ಗಾಳಿಗೆ ತೂಗುವ ಕಾಂಡಗಳು ಮೇಲೆ ಕಟ್ಟುವ ಪದರವನ್ನು ಒಡೆಯುತ್ತವೆ. ಗಿಡ ಬಾಡಿದರೆ ಪಾತಿಗೆ ಏನೋ ಆಗಿದೆಯೆಂದು ನೋಡಿದವರಿಗೆ ತಿಳಿಯುತ್ತದೆ. ಹೀಗೆ ಜೊಂಡು ನೀರನ್ನು ನೇರವಾಗಿ ತೊಳೆಯುವುದಕ್ಕಿಂತ ಹೆಚ್ಚಾಗಿ, ತೊಳೆಯುವವರಿಗೆ ಮನೆ ಕಟ್ಟಿಕೊಡುತ್ತದೆ.

ಭಾರತದಲ್ಲಿ

ನಮ್ಮ ದೇಶದ ಅತಿ ದೊಡ್ಡ ಉದಾಹರಣೆ ಯಾವ ಪ್ರಯೋಗಶಾಲೆಯಿಂದಲೂ ಬಂದದ್ದಲ್ಲ. ಕೋಲ್ಕತ್ತದ ಪೂರ್ವಕ್ಕೆ ಬಿದ್ಯಾಧರಿ ನದಿ ಬತ್ತುತ್ತ ಬಂದಾಗ, 1930ರ ಸುಮಾರಿನಿಂದ ಅಲ್ಲಿನ ಮೀನುಗಾರರು ನಗರದ ಕೊಳಚೆ ನೀರನ್ನು ಆಳವಿಲ್ಲದ ಹೊಂಡಗಳಿಗೆ ಅಳತೆಯಿಂದ ಬಿಟ್ಟು ಮೀನು ಸಾಕುವುದನ್ನು ಕಲಿತರು. ಬಿಸಿಲು, ಪಾಚಿ, ಬ್ಯಾಕ್ಟೀರಿಯ ಕೆಲಸ ಮಾಡುತ್ತವೆ. ದಂಡೆಯುದ್ದಕ್ಕೂ ಬೆಳೆಸಿದ ಜಲಸಸ್ಯ ಅಲೆಯ ಹೊಡೆತದಿಂದ ದಂಡೆಯನ್ನು ಕಾಯುತ್ತದೆ. ಇದು ಕೇವಲ ಮೀನಿನ ಹೊಂಡವಲ್ಲ, ನಗರದ ಶುದ್ಧೀಕರಣ ವ್ಯವಸ್ಥೆ ಎಂದು ಜಗತ್ತಿಗೆ ತಿಳಿಸಿದವರು ಎಂಜಿನಿಯರ್ ಧ್ರುಬಜ್ಯೋತಿ ಘೋಷ್. ಸುಮಾರು 12,500 ಹೆಕ್ಟೇರ್ ವಿಸ್ತಾರದ ಈ ಪ್ರದೇಶ 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

1970ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಮಿಸಿಸಿಪಿ ಕೇಂದ್ರದಲ್ಲಿ ಬಿಲ್ ವುಲ್ವರ್ಟನ್ ಅವರು ನೀರು ಹಯಸಿಂತ್ ಗಿಡದಿಂದ ಕೊಳಚೆ ನೀರನ್ನು ಶುದ್ಧಗೊಳಿಸುವ ಪ್ರಯೋಗ ನಡೆಸಿದರು. ನಮ್ಮ ಕೆರೆಗಳನ್ನು ಮುಚ್ಚಿರುವ, ಅನೇಕ ಕಡೆ ಅಂತರಗಂಗೆ ಎಂದೂ ಕರೆಯುವ ಕಳೆಯೇ ಇದು. ಅದು ಪೋಷಕಾಂಶವನ್ನು ವೇಗವಾಗಿ ಹೀರುವುದು ನಿಜ. ಆದರೆ ನಿಯಮಿತವಾಗಿ ಕೊಯ್ಯದಿದ್ದರೆ ನೀರಿನ ಮೇಲೆ ಹಾಸಿಕೊಂಡು ಗಾಳಿ ಬೆಳಕನ್ನು ತಡೆಯುತ್ತದೆ, ಸತ್ತು ತಳದಲ್ಲಿ ಕೊಳೆಯುತ್ತದೆ. ಕೆರೆಯಲ್ಲಿ ಕಳೆ ಬೆಳೆದಿರುವುದು ಕೆರೆ ಶುದ್ಧವಾಗುತ್ತಿರುವುದರ ಗುರುತಲ್ಲ.

ಜಲ್ಲಿ ಪಾತಿಯ ವಿಧಾನ ಭಾರತಕ್ಕೆ ಬಂದದ್ದು 1990ರ ದಶಕದಲ್ಲಿ. ಭುವನೇಶ್ವರದ ಸೈನಿಕ ಶಾಲೆಯಲ್ಲಿ ಆಪು ಮತ್ತು ಫ್ರಾಗ್ಮೈಟಿಸ್ ಗಿಡಗಳ ಜೌಗು ನಿರ್ಮಾಣವಾಯಿತು. ಉಜ್ಜಯಿನಿಯಲ್ಲಿ ಸುರೇಶ್ ಬಿಲ್ಲೋರೆ ಮತ್ತು ಸಂಗಡಿಗರು ಫ್ರಾಗ್ಮೈಟಿಸ್ ನೆಟ್ಟ ಜಲ್ಲಿ ಪಾತಿಯ ಫಲಿತಾಂಶಗಳನ್ನು 1999ರಲ್ಲಿ ಪ್ರಕಟಿಸಿದರು. ನಾಗಪುರದ ನೀರಿ ಸಂಸ್ಥೆ ಫೈಟೋರಿಡ್ ಎಂಬ ಹೆಸರಿನಲ್ಲಿ ತನ್ನದೇ ವಿನ್ಯಾಸವನ್ನು ರೂಪಿಸಿತು. ಯುರೋಪಿನ ಚಳಿ ನಮ್ಮಲ್ಲಿಲ್ಲದಿರುವುದು ಇಲ್ಲಿನ ಒಂದು ಅನುಕೂಲ. ಬೆಚ್ಚಗಿನ ನೀರಿನಲ್ಲಿ ಸೂಕ್ಷ್ಮಜೀವಿಗಳು ವೇಗವಾಗಿ ಕೆಲಸ ಮಾಡುವುದರಿಂದ ಕಡಿಮೆ ಜಾಗ ಸಾಕು.

ಬೆಂಗಳೂರಿನ ಎರಡು ಕೆರೆಗಳು

ಗಿಡವೊಂದನ್ನೇ ನಂಬುವುದಕ್ಕೂ ವ್ಯವಸ್ಥೆಯನ್ನು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಬೆಂಗಳೂರಿನಲ್ಲಿ ಕಣ್ಣಿಗೆ ಕಾಣುತ್ತದೆ. ನಗರದ ಉತ್ತರದ ಜಕ್ಕೂರು ಕೆರೆಯಲ್ಲಿ ದಿನಕ್ಕೆ 10 ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕದಲ್ಲಿ ಮೊದಲು ಕೊಳಚೆಯನ್ನು ಸಂಸ್ಕರಿಸಿ, ಆ ನೀರನ್ನು ಆಪು ಮೊದಲಾದ ಗಿಡಗಳಿರುವ ನಿರ್ಮಿತ ಜೌಗಿಗೆ ಬಿಟ್ಟು, ಅನಂತರ ಕೆರೆಗೆ ಹರಿಸುವ ಏರ್ಪಾಡು ಮಾಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ತಂಡ ಇದನ್ನು ಅಭ್ಯಾಸ ಮಾಡಿ, ಘಟಕ, ಜೌಗು, ಪಾಚಿಯ ಕೊಳ ಈ ಮೂರೂ ಜೋಡಿಯಾದಾಗ ಪೋಷಕಾಂಶ ಗಣನೀಯವಾಗಿ ತಗ್ಗುವುದೆಂದು ತೋರಿಸಿ, ಬೇರೆ ಕೆರೆಗಳಿಗೂ ಈ ಮಾದರಿಯನ್ನು ಸೂಚಿಸಿತು.

ಆಗ್ನೇಯ ದಿಕ್ಕಿನ ಬೆಳ್ಳಂದೂರು ಕೆರೆಯಲ್ಲೂ ಜಲಸಸ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಅಲ್ಲಿಗೆ ಬರುತ್ತಿದ್ದ ಸಂಸ್ಕರಿಸದ ಕೊಳಚೆ ಕೆರೆಯ ಶಕ್ತಿಯನ್ನು ಎಷ್ಟೋ ಪಟ್ಟು ಮೀರಿತ್ತು. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿತು. 2015, 2017 ಮತ್ತು 2018ರಲ್ಲಿ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡ ಸುದ್ದಿ ದೇಶವಿದೇಶಗಳಿಗೆ ಹಬ್ಬಿತು. ಗಿಡಗಳೇನೋ ಇದ್ದವು. ಆದರೆ ಬರುವ ಹೊರೆಗೆ ಮಿತಿಯಿರಲಿಲ್ಲ, ನೀರು ನಿಲ್ಲಬೇಕಾದಷ್ಟು ಕಾಲ ನಿಲ್ಲುತ್ತಿರಲಿಲ್ಲ, ಕೊಯ್ಲು ನಡೆಯುತ್ತಿರಲಿಲ್ಲ.

ಸಣ್ಣ ಊರಿನ ಮಾದರಿಗೆ ದೇವನಹಳ್ಳಿಯನ್ನು ನೋಡಬಹುದು. 2015ರಲ್ಲಿ ಅಲ್ಲಿ ಶೌಚಗುಂಡಿಗಳ ಮಡ್ಡಿಯನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ಗುಂಡಿಯಿಂದ ಎತ್ತಿ ತಂದ ಮಡ್ಡಿಯನ್ನು ಅಲ್ಲಿ ಒಣಗಿಸಿ ಗೊಬ್ಬರ ಮಾಡುತ್ತಾರೆ. ಬೇರ್ಪಟ್ಟ ನೀರು ಕೊನೆಯಲ್ಲಿ ಗಿಡ ನೆಟ್ಟ ಜಲ್ಲಿ ಪಾತಿಯ ಮೂಲಕ ಹಾಯುತ್ತದೆ.

ಮಲೆನಾಡಿನ ಲೆಕ್ಕ

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್, ಗ್ರಾಮೀಣ ಮನೆಗಳಿಗೆ ನಲ್ಲಿಯ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿತು. ನಲ್ಲಿ ಬಂದ ಮನೆಯ ಬಚ್ಚಲ ನೀರು ಕೊಡಪಾನದ ಕಾಲದ ಬಚ್ಚಲ ನೀರಿನಷ್ಟು ಇರುವುದಿಲ್ಲ. ಹಿತ್ತಿಲ ಕೆಸುವಿನ ಬುಡದಲ್ಲಿ ಇಂಗುತ್ತಿದ್ದದ್ದು ಈಗ ರಸ್ತೆಬದಿಯ ಚರಂಡಿಯಲ್ಲಿ ಹರಿದು ಹಳ್ಳ ಸೇರುತ್ತದೆ. ನದಿಯ ಮೂಲದಲ್ಲಿರುವ ಊರುಗಳ ಹೊಣೆ ಇಲ್ಲಿ ದೊಡ್ಡದು. ಅವು ಬಿಟ್ಟದ್ದನ್ನು ಕೆಳಗಿನ ಊರುಗಳೆಲ್ಲ ಪಡೆಯುತ್ತವೆ.

ಒಂದು ಸಾವಿರ ಜನರಿರುವ ಊರಿಗೆ ಎಷ್ಟು ದೊಡ್ಡ ಜಲ್ಲಿ ಪಾತಿ ಬೇಕು? ಒದಗಿಸಿದ ನೀರಿನಲ್ಲಿ ನೂರಕ್ಕೆ 80 ಪಾಲು ತ್ಯಾಜ್ಯವಾಗಿ ಬರುವುದೆಂದು ಎಣಿಸುವುದು ರೂಢಿ. ಅಂದರೆ ತಲಾ 44 ಲೀಟರ್, ಊರಿಗೆ ದಿನಕ್ಕೆ 44 ಘನ ಮೀಟರ್. ನೀರು ಪಾತಿಯೊಳಗೆ ಮೂರು ದಿನ ಇರಬೇಕೆಂದರೆ 132 ಘನ ಮೀಟರ್ ಜಾಗ ಬೇಕು. ಜಲ್ಲಿಯ ಸಂದುಗಳು ಒಟ್ಟು ಗಾತ್ರದ ನೂರಕ್ಕೆ 40ರಷ್ಟು ಮಾತ್ರ. ಆದ್ದರಿಂದ ಪಾತಿಯ ಗಾತ್ರ 330 ಘನ ಮೀಟರ್. ಆಳ 0.6 ಮೀಟರ್ ಎಂದರೆ ವಿಸ್ತೀರ್ಣ 550 ಚದರ ಮೀಟರ್, ಸುಮಾರು ಐದೂವರೆ ಗುಂಟೆ. ಒಂದು ಸಣ್ಣ ಅಡಿಕೆ ತೋಟಕ್ಕಿಂತಲೂ ಕಡಿಮೆ.

ಇದು ತರಗತಿಯ ಲೆಕ್ಕ. ನಿಜವಾದ ವಿನ್ಯಾಸಕ್ಕೆ ಮಲೆನಾಡಿನ ಮಳೆಯನ್ನೂ ಸೇರಿಸಬೇಕು. ಹೊಸನಗರದ ಸೀಮೆಯಲ್ಲಿ ಮಳೆಗಾಲದ ಒಂದೇ ದಿನ 100 ಮಿ.ಮೀ. ಮಳೆ ಬೀಳುವುದು ಅಪರೂಪವಲ್ಲ. ಅಂಥ ದಿನ ಪಾತಿಯ ಮೇಲೆಯೇ 55 ಘನ ಮೀಟರ್ ನೀರು ಸುರಿಯುತ್ತದೆ. ಇದು ಊರಿನ ಇಡೀ ದಿನದ ತ್ಯಾಜ್ಯಕ್ಕಿಂತ ಹೆಚ್ಚು! ಮೂರು ದಿನ ನಿಲ್ಲಬೇಕಾದ ನೀರು ಸುಮಾರು ಒಂದು ದಿನ ಎಂಟು ಗಂಟೆಗಳಲ್ಲಿ ಹೊರಬೀಳುತ್ತದೆ. ಸುತ್ತಲಿನ ಗುಡ್ಡದ ನೀರೂ ನುಗ್ಗಿದರೆ ಜಲ್ಲಿ ಕೆಸರಿನಿಂದ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮಲೆನಾಡಿನ ಪಾತಿಗೆ ಎತ್ತರದ ಬದು, ಮಳೆನೀರಿಗೆ ಬೇರೆಯೇ ಕಾಲುವೆ, ಹೆಚ್ಚುವರಿ ನೀರು ಹೊರಹೋಗಲು ಕೋಡಿ ಬೇಕೇ ಬೇಕು. ಮಳೆಗಾಲದಲ್ಲಿ ಹೊಳೆಯೂ ತುಂಬಿ ಹರಿಯುವುದರಿಂದ ಅಪಾಯ ತುಸು ಕಡಿಮೆ. ಪಾತಿ ಹೆಚ್ಚು ಬೇಕಾಗುವುದು ಮಾಘದಿಂದ ವೈಶಾಖದವರೆಗೆ, ಹೊಳೆ ಗೆರೆಯಂತೆ ತೆಳುವಾದಾಗ.

ಇನ್ನೂ ಕೆಲವು ಎಚ್ಚರಿಕೆಗಳಿವೆ. ಪಾತಿಗೆ ಮೊದಲು ಮಡ್ಡಿ ಮತ್ತು ಜಿಡ್ಡು ನಿಲ್ಲುವ ತೊಟ್ಟಿ ಇರಬೇಕು. ತೊಟ್ಟಿಯನ್ನು ಕಾಲಕಾಲಕ್ಕೆ ಖಾಲಿ ಮಾಡದಿದ್ದರೆ ಕೆಲವೇ ವರ್ಷಗಳಲ್ಲಿ ಜಲ್ಲಿ ಕಟ್ಟುತ್ತದೆ. ಇಲ್ಲಿಯದೇ ಗಿಡಗಳಾದ ಆಪು, ಜೊಂಡು, ಬಜೆ, ಕೆಸು ಸಾಕು, ಹೊರಗಿನ ಕಳೆಯನ್ನು ತರಬೇಕಿಲ್ಲ. ಹೊರಬರುವ ನೀರು ತೋಟಕ್ಕೆ ಯೋಗ್ಯ, ಕುಡಿಯಲು ಅಲ್ಲ. 100 ಮಿಲಿಲೀಟರ್ ಕೊಳಚೆಯಲ್ಲಿ ಒಂದು ಕೋಟಿ ಕೋಲಿಫಾರ್ಮ್ ಬ್ಯಾಕ್ಟೀರಿಯಗಳಿದ್ದು, ಪಾತಿ ಅವುಗಳಲ್ಲಿ ನೂರಕ್ಕೆ 99ನ್ನು ತೆಗೆದರೂ ಒಂದು ಲಕ್ಷ ಉಳಿಯುತ್ತವೆ.

ಗಿಡವಿದ್ದ ಪಾತಿ, ಗಿಡವಿಲ್ಲದ ಪಾತಿಗಳ ಪ್ರಯೋಗವನ್ನು ಶಾಲೆಯಲ್ಲೂ ಮಾಡಬಹುದು. ತಳದಲ್ಲಿ ನಲ್ಲಿ ಇರುವ ಎರಡು ಬಕೆಟ್‌ಗಳಿಗೆ ತೊಳೆದ ಜಲ್ಲಿ ತುಂಬಿ, ಒಂದರಲ್ಲಿ ಕಾಬಾಳೆ ನೆಟ್ಟು ಬೇರೂರಲು ಕೆಲವು ವಾರ ಬಿಡಬೇಕು. ಬಳಿಕ ಬಿಸಿಯೂಟದ ಪಾತ್ರೆ ತೊಳೆದು ಸೋಸಿದ ನೀರನ್ನು ಎರಡಕ್ಕೂ ಸಮನಾಗಿ ಹಾಕಿ ಮೂರು ದಿನ ನಿಲ್ಲಿಸಬೇಕು. ಒಳಹೋದ ನೀರು ಮತ್ತು ಹೊರಬಂದ ಎರಡು ನೀರುಗಳನ್ನು ಬೇರೆ ಬೇರೆ ಸೀಸೆಗಳಲ್ಲಿ ಅಂಚಿನವರೆಗೆ ತುಂಬಿ, ಕೆಲವು ಹನಿ ಮಿಥಿಲೀನ್ ನೀಲಿ ಬೆರೆಸಿ, ಗಾಳಿಯಾಡದಂತೆ ಮುಚ್ಚಿ ಕತ್ತಲೆಯಲ್ಲಿಡಬೇಕು. ಆಮ್ಲಜನಕ ಮುಗಿದ ನೀರಿನಲ್ಲಿ ನೀಲಿ ಬಣ್ಣ ಮಾಯವಾಗುತ್ತದೆ. ಬಣ್ಣ ಹೆಚ್ಚು ದಿನ ಉಳಿದಷ್ಟೂ ನೀರು ಶುದ್ಧ. ಎರಡು ಬಕೆಟ್‌ಗಳ ವ್ಯತ್ಯಾಸ ವಿದ್ಯಾರ್ಥಿಗಳು ಎಣಿಸಿದ್ದಕ್ಕಿಂತ ಕಡಿಮೆ ಇದ್ದರೆ ಪ್ರಯೋಗ ಸೋತಿತೆಂದು ತಿಳಿಯಬೇಕಿಲ್ಲ. ಜಲ್ಲಿಯ ಮೇಲಿನ ಕಾಣದ ಪೊರೆ ಏನು ಮಾಡುತ್ತಿದೆಯೆಂಬುದು ಅವರಿಗೆ ಅಲ್ಲಿಯೇ ಗೊತ್ತಾಗುತ್ತದೆ.

ಸೈಡೆಲ್ ಅವರ ಮೊದಲ ಪ್ರಯೋಗಗಳಿಂದ ಇಂದಿನವರೆಗಿನ ಸುಮಾರು ಏಳು ದಶಕಗಳ ಅನುಭವ ಹೇಳುವುದಿಷ್ಟು. ಗಿಡ ನೆಡುವುದು ಆರಂಭ ಮಾತ್ರ. ಬರುವ ಹೊರೆಯನ್ನು ಅಳೆಯುವುದು, ನೀರಿಗೆ ಸಮಯ ಕೊಡುವುದು, ಮಡ್ಡಿ ತೆಗೆಯುವುದು, ಬೆಳೆದದ್ದನ್ನು ಕೊಯ್ಯುವುದು, ಮಳೆಯನ್ನು ಬೇರೆ ದಾರಿಯಲ್ಲಿ ಹರಿಸುವುದು ವರ್ಷವರ್ಷವೂ ನಡೆಯಬೇಕಾದ ಕೆಲಸಗಳು. ಕಾಲುವೆ, ಕೋಡಿ, ಹೂಳುಗಳ ಲೆಕ್ಕವನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದ ಕೆರೆಯ ನಾಡಿನ ಜನರಿಗೆ ಇದು ಹೊಸ ವಿದ್ಯೆಯೇನಲ್ಲ. ನೈದಿಲೆಯ ಹೆಸರು ಹೊತ್ತ ನದಿಯ ಮೂಲದಲ್ಲಿ ಐದೂವರೆ ಗುಂಟೆ ನೆಲವನ್ನೂ, ಅದನ್ನು ನೋಡಿಕೊಳ್ಳುವ ಒಬ್ಬರನ್ನೂ ಹೊಂದಿಸಿದರೆ, ಕೆಳಗಿನ ಊರುಗಳಿಗೆ ತಿಳಿನೀರು ಕಳುಹಿಸುವುದು ಯಂತ್ರವಿಲ್ಲದೆಯೂ ಸಾಧ್ಯ.